ನಿಗೂಢ ಧಾರಾವಾಹಿಗಳ ಮೇಲಿರುವ ಉತ್ತರದ ಋಣ

2010ರ ಮೇ 23ರಂದು ಅಮೆರಿಕದ ಎಬಿಸಿ ವಾಹಿನಿಯಲ್ಲಿ, ವಿಮಾನಾಪಘಾತದಲ್ಲಿ ಉಳಿದವರು ನಿಗೂಢ ದ್ವೀಪವೊಂದರಲ್ಲಿ ಸಿಕ್ಕಿಬೀಳುವ ಕಥೆಯ ‘ಲಾಸ್ಟ್’ ಧಾರಾವಾಹಿಯ ಕೊನೆಯ ಕಂತು ಪ್ರಸಾರವಾದ ದಿನ ಶುರುವಾದ ಜಗಳ ಇವತ್ತಿಗೂ ಮುಗಿದಿಲ್ಲ. ಆರು ಸೀಸನ್‌ಗಳನ್ನು ಬಿಡದೆ ನೋಡಿದವರಲ್ಲಿ ಒಂದು ಪಾಲು ಜನ, ಆ ದ್ವೀಪವೆಂದರೇನು, ಆ ಸಂಖ್ಯೆಗಳ ಅರ್ಥವೇನು, ಆ ಹುಡುಗನನ್ನು ಏಕೆ ಎತ್ತಿಕೊಂಡು ಹೋದರು ಎಂಬುದನ್ನೆಲ್ಲ ಹೇಳದೆಯೇ ಕಥೆಗಾರರು ಕೈತೊಳೆದುಕೊಂಡರೆಂದು ಸಿಟ್ಟಾದರು. ಇನ್ನೊಂದು ಪಾಲು ಜನ, ಪಾತ್ರಗಳ ಬಾಳು ಒಂದು ನೆಲೆ ಮುಟ್ಟಿತಲ್ಲ, ಮಿಕ್ಕದ್ದು ತಿಳಿಯದಿದ್ದರೂ ನಷ್ಟವಿಲ್ಲವೆಂದರು. ಅಲ್ಲಿಂದೀಚೆಗೆ ದೊಡ್ಡ ನಿಗೂಢ ಸರಣಿ ಯಾವುದು ಮುಗಿದರೂ ಇದೇ ವಾದ ಮರುಕಳಿಸುತ್ತದೆ. 2025ರ ಮಾರ್ಚ್‌ನಲ್ಲಿ ‘ಸೆವರೆನ್ಸ್’ ಸರಣಿಯ ಎರಡನೆಯ ಸೀಸನ್ ಮುಗಿದಾಗಲೂ ಹಾಗೆಯೇ ಆಯಿತು. ಓಟಿಟಿ ಬಂದ ಮೇಲೆ ಕನ್ನಡದ ನೋಡುಗರೂ ಇಂಥ ಸರಣಿಗಳನ್ನು ಅಷ್ಟೇ ತನ್ಮಯರಾಗಿ ನೋಡುತ್ತಿರುವುದರಿಂದ, ಈ ವಾದವನ್ನು ಸ್ವಲ್ಪ ನಿಧಾನವಾಗಿ ಬಿಡಿಸಿ ನೋಡುವುದು ಒಳ್ಳೆಯದು. ಮುಂದಿನ ಸಾಲುಗಳಲ್ಲಿ ಹಲವು ಸರಣಿಗಳ ಗುಟ್ಟುಗಳು ಬಯಲಾಗುತ್ತವೆ. ನೋಡಬೇಕೆಂದು ಇಟ್ಟುಕೊಂಡವರು ಇಲ್ಲಿಗೇ ನಿಲ್ಲಿಸಬಹುದು.

ವಾದ ಮುಂದೆ ಸಾಗದಿರುವುದಕ್ಕೆ ಕಾರಣ, ಎರಡೂ ಕಡೆಯವರು ಎಲ್ಲ ಪ್ರಶ್ನೆಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಿರುವುದು. ಒಂದು ಜಗತ್ತು ಏಕೆ ಹೀಗಿದೆ ಎಂಬ ಪ್ರಶ್ನೆ ಬೇರೆ. ಆ ಜಗತ್ತಿನಲ್ಲಿ ಏನು ನಡೆಯಬಹುದು, ಏನು ನಡೆಯಲಾರದು ಎಂಬ ಪ್ರಶ್ನೆ ಬೇರೆ. ಆ ಜಗತ್ತಿನಲ್ಲಿ ಸಿಕ್ಕಿಬಿದ್ದ ಒಬ್ಬ ಮನುಷ್ಯನಿಗೆ ಯಾರು ಏನು ಮಾಡಿದರು, ಯಾವ ಉದ್ದೇಶಕ್ಕೆ ಮಾಡಿದರು ಎಂಬುದು ಮತ್ತೂ ಬೇರೆ. ಮೊದಲನೆಯದಕ್ಕೆ ಧಾರಾವಾಹಿ ಉತ್ತರ ಕೊಡಬೇಕಾಗಿಲ್ಲ. ಎಷ್ಟೋ ಸಲ ಕೊಡದಿದ್ದರೇ ಮೇಲು. ಎರಡನೆಯದನ್ನು ಅದು ಸ್ಪಷ್ಟವಾಗಿ ಹೇಳಿ ಅದಕ್ಕೆ ಬದ್ಧವಾಗಿ ನಡೆದುಕೊಳ್ಳಬೇಕು. ಮೂರನೆಯದು ಋಣ. ಅದನ್ನು ತೀರಿಸದೆ ಹೋದ ಕಥೆಯನ್ನು ಎಂಥ ಸೊಗಸಾದ ಮುಕ್ತಾಯವೂ ಕಾಪಾಡಲಾರದೆಂದು ನನ್ನ ನಂಬಿಕೆ.

‘ಲಾಸ್ಟ್’ನ ಒಳಗೇ ಈ ಮೂರಕ್ಕೂ ಉದಾಹರಣೆಗಳಿವೆ. ನಾಲ್ಕನೆಯ ಸೀಸನ್‌ನಲ್ಲಿ, 2008ರ ಫೆಬ್ರವರಿ 28ರಂದು ಪ್ರಸಾರವಾದ ‘ದಿ ಕಾನ್‌ಸ್ಟಂಟ್’ ಎಂಬ ಕಂತನ್ನೇ ನೋಡಿ. ದ್ವೀಪದಿಂದ ಹೆಲಿಕಾಪ್ಟರಿನಲ್ಲಿ ಹೊರಟ ಡೆಸ್ಮಂಡ್‌ನ ಪ್ರಜ್ಞೆ 2004ಕ್ಕೂ 1996ಕ್ಕೂ ನಡುವೆ ಹಿಡಿತವಿಲ್ಲದೆ ಜೋಲಾಡತೊಡಗುತ್ತದೆ. ಹೀಗಾಗಲು ಕಾರಣವೇನೆಂಬುದಕ್ಕೆ ಸಿಗುವುದು ವಿಕಿರಣ, ಕಾಂತಶಕ್ತಿ ಎಂಬಂಥ ಒಂದೆರಡು ಹಾರಿಕೆಯ ಮಾತುಗಳು ಮಾತ್ರ. ಆದರೆ ನಿಯಮವನ್ನು ಕಂತು ಸಂದೇಹಕ್ಕೆಡೆಯಿಲ್ಲದಂತೆ ಮುಂದಿಡುತ್ತದೆ: ಎರಡೂ ಕಾಲಗಳಲ್ಲಿರುವ, ಅವನಿಗೆ ಬಹಳ ಬೇಕಾದ ಒಂದು ಆಸರೆ ಸಿಗದಿದ್ದರೆ ಅವನ ಮಿದುಳು ತಡೆಯದೆ ಸಾಯುತ್ತಾನೆ. ಹಾಗೆ ಸಾಯುವ ಇನ್ನೊಬ್ಬನನ್ನು, ಮೂಗಿನಿಂದ ರಕ್ತ ಸುರಿಸುತ್ತಿರುವವನನ್ನು, ನಾವು ಕಣ್ಣಾರೆ ನೋಡುತ್ತೇವೆ. ಡೆಸ್ಮಂಡ್ 1996ರಲ್ಲಿ, ತಾನೇ ಬಿಟ್ಟುಬಂದಿದ್ದ ಪ್ರೇಯಸಿ ಪೆನ್ನಿಯ ಮನೆಬಾಗಿಲಿಗೆ ಹೋಗಿ ಫೋನ್ ನಂಬರು ಕೇಳುತ್ತಾನೆ. ಎಂಟು ವರ್ಷ ಕರೆ ಮಾಡುವುದಿಲ್ಲ, 2004ರ ಕ್ರಿಸ್‌ಮಸ್‌ನ ಹಿಂದಿನ ದಿನ ಮಾಡುತ್ತೇನೆ ಎನ್ನುತ್ತಾನೆ. ಅವಳು ಬೇಸತ್ತು, ಇವನು ತೊಲಗಿದರೆ ಸಾಕೆಂದು ನಂಬರು ಕೊಡುತ್ತಾಳೆ. 2004ರಲ್ಲಿ, ಹೆಲಿಕಾಪ್ಟರು ಬಂದಿಳಿದ ಹಡಗಿನಿಂದ ಆ ಕರೆ ಹೋಗುತ್ತದೆ, ಅವಳು ಎತ್ತಿಕೊಳ್ಳುತ್ತಾಳೆ. ಸರಣಿಯ ಅತ್ಯುತ್ತಮ ಕಂತು ಯಾವುದೆಂದು ಕೇಳಿದರೆ ಬಹಳಷ್ಟು ಜನ ಇದನ್ನೇ ಹೆಸರಿಸುತ್ತಾರೆ. ಪ್ರಜ್ಞೆ ಕಾಲದಲ್ಲಿ ಹಿಂದೆ ಹೋಗುವುದಾದರೂ ಹೇಗೆ ಎಂದು ಯಾರೂ ಪಟ್ಟುಹಿಡಿದು ಕೇಳಲಿಲ್ಲ. ಅದು ತಿಳಿದಿದ್ದರೆ ಆ ಫೋನ್ ಕರೆಗೆ ಹೆಚ್ಚಿನದೇನೂ ಸೇರುತ್ತಿರಲಿಲ್ಲ. ನಿಯಮ ತಿಳಿಯದಿದ್ದಿದ್ದರೆ ಮಾತ್ರ ಆ ಕರೆಗೆ ಬೆಲೆಯೇ ಇರುತ್ತಿರಲಿಲ್ಲ.

ಇನ್ನು ಕಾರಣ ಹೇಳಹೊರಟು ಕೆಟ್ಟ ಕಂತು. ಮುಕ್ತಾಯಕ್ಕೆ ಎರಡು ವಾರ ಮೊದಲು, 2010ರ ಮೇ 11ರಂದು ಬಂದ ‘ಅಕ್ರಾಸ್ ದಿ ಸೀ’ ಮುಖ್ಯಪಾತ್ರಗಳನ್ನೆಲ್ಲ ಬದಿಗಿಟ್ಟು, ದ್ವೀಪದ ಹಳೆಯ ಕಾವಲುಗಾರ ಜೇಕಬ್ ಮತ್ತು ಅವನ ಸೋದರನ ಹುಟ್ಟಿನ ಕಥೆಯನ್ನು ಹೇಳಿತು. ದ್ವೀಪದ ಮೂಲದಲ್ಲಿ ಏನಿದೆ ಎಂಬುದಕ್ಕೆ ಸಿಕ್ಕ ಉತ್ತರ, ಗುಹೆಯೊಳಗಿಂದ ಹೊಮ್ಮುವ ಹೊಂಬಣ್ಣದ ಬೆಳಕು. ಆ ಬೆಳಕೇನು? ಪ್ರತಿಯೊಬ್ಬ ಮನುಷ್ಯನೊಳಗೂ ಅದರದೊಂದು ತುಣುಕು ಇದೆಯಂತೆ. ಅದು ಆರಿದರೆ? ಎಲ್ಲೆಲ್ಲೂ ಆರುತ್ತದಂತೆ. ಹೀಗೆ ಒಂದು ಗುಟ್ಟನ್ನು ಅದಕ್ಕಿಂತ ಮಸುಕಾದ ಇನ್ನೊಂದು ಗುಟ್ಟಿನಿಂದ ಬದಲಾಯಿಸಿದ್ದಷ್ಟೇ ಆಯಿತು. ಕಂತಿನ ಶುರುವಿನಲ್ಲಿಯೇ ದ್ವೀಪದ ಹೆಂಗಸು, ತಾನು ಕೊಡುವ ಒಂದೊಂದು ಉತ್ತರವೂ ಇನ್ನೊಂದು ಪ್ರಶ್ನೆಗೆ ದಾರಿಯಾಗುತ್ತದೆ ಎಂಬರ್ಥದ ಮಾತಾಡುತ್ತಾಳೆ. ಬರಹಗಾರರು ತಮ್ಮ ಕಷ್ಟವನ್ನು ಪಾತ್ರದ ಬಾಯಲ್ಲಿ ಹೇಳಿಸಿದರೆಂದು ಆಗ ಬಹಳ ಜನ ಅಂದುಕೊಂಡರು. ಅಷ್ಟು ಗೊತ್ತಿದ್ದವರು ಆ ಬೆಳಕನ್ನು ತೋರಿಸದೆಯೇ ಇರಬಹುದಿತ್ತು. ಆರು ವರ್ಷಗಳಲ್ಲಿ ಆ ದ್ವೀಪ ನೋಡುಗರ ಮನಸ್ಸಿನಲ್ಲಿ ಬೆಳೆದು ನಿಂತಿದ್ದ ಎತ್ತರಕ್ಕೆ ಯಾವ ದೃಶ್ಯವೂ ಸಮನಾಗಲು ಸಾಧ್ಯವಿರಲಿಲ್ಲ.

ಮೂರನೆಯದು ವಾಲ್ಟ್ ಎಂಬ ಹುಡುಗನ ಸಂಗತಿ. ನನಗೆ ಹೆಚ್ಚು ನೋವುಂಟುಮಾಡುವುದೂ ಇದೇ. ಮೊದಲ ಸೀಸನ್‌ನಲ್ಲಿ ಈ ಹುಡುಗನಲ್ಲಿ ಏನೋ ಒಂದು ಶಕ್ತಿಯಿದೆ ಎಂದು ಸರಣಿ ಮತ್ತೆ ಮತ್ತೆ ಸೂಚಿಸುತ್ತದೆ. ಸೀಸನ್‌ನ ಕೊನೆಗೆ ಸಮುದ್ರದ ನಡುವೆ ತೆಪ್ಪದ ಮೇಲಿದ್ದ ಅವನನ್ನು ದ್ವೀಪದ ಹಳೆಯ ನಿವಾಸಿಗಳು ಕಸಿದುಕೊಂಡು ಹೋಗುತ್ತಾರೆ. ಮಗನನ್ನು ಬಿಡಿಸಿಕೊಳ್ಳಲು ತಂದೆ ಮೈಕಲ್ ತನ್ನ ಜೊತೆಯವರಿಗೇ ದ್ರೋಹ ಬಗೆದು ಇಬ್ಬರು ಹೆಂಗಸರನ್ನು ಗುಂಡಿಟ್ಟು ಕೊಲ್ಲುತ್ತಾನೆ. ಅಂದರೆ, ಆ ಹುಡುಗ ಅವರಿಗೆ ಏಕೆ ಬೇಕಾಗಿತ್ತು ಎಂಬ ಪ್ರಶ್ನೆಯ ಮೇಲೆ ಎರಡು ಜೀವಗಳೂ ಒಬ್ಬ ತಂದೆಯ ಇಡೀ ಬಾಳೂ ನಿಂತಿವೆ. ಎರಡನೆಯ ಸೀಸನ್‌ನ ಕೊನೆಗೆ ತಂದೆಮಗ ದೋಣಿಯೇರಿ ಹೊರಟುಹೋದರು. ಪ್ರಶ್ನೆಯೂ ಅವರ ಜೊತೆಗೇ ಹೊರಟುಹೋಯಿತು. ಪಾತ್ರ ಮಾಡುತ್ತಿದ್ದ ಬಾಲಕ ಬೇಗಬೇಗ ಎತ್ತರಕ್ಕೆ ಬೆಳೆಯುತ್ತಿದ್ದ, ದ್ವೀಪದ ಕಥೆಯಲ್ಲಿ ಮಾತ್ರ ಸುಮಾರು ಎರಡು ತಿಂಗಳಷ್ಟೇ ಕಳೆದಿತ್ತು ಎಂಬ ತೊಡಕು ನಿಜವಾದದ್ದೇ. ಆದರೂ ಪಾತ್ರವನ್ನು ದೂರ ಕಳುಹಿಸಿದ ಮಾತ್ರಕ್ಕೆ ಅವನ ಕಥೆಯ ಸಾಲ ತೀರುವುದಿಲ್ಲ.

ತಮ್ಮ ಮೇಲೆ ಬಾಕಿಯಿದೆಯೆಂಬುದು ತಯಾರಕರಿಗೂ ತಿಳಿದಿತ್ತು. ಮುಕ್ತಾಯವಾದ ಕೆಲವೇ ತಿಂಗಳಿಗೆ, ಡಿವಿಡಿಯ ಜೊತೆಗೆ ‘ದಿ ನ್ಯೂ ಮ್ಯಾನ್ ಇನ್ ಚಾರ್ಜ್’ ಎಂಬ ಸುಮಾರು 12 ನಿಮಿಷಗಳ ಉಪಸಂಹಾರ ಹೊರಬಂತು. ಅದರಲ್ಲಿ ಬೆನ್ ಎಂಬ ಪಾತ್ರ ಗುವಾಮ್ ದ್ವೀಪದ ಒಂದು ಗೋದಾಮಿಗೆ ಹೋಗುತ್ತಾನೆ. ಎಂದೋ ಮುಚ್ಚಿಹೋದ ಸಂಸ್ಥೆಯೊಂದರ ಹೆಸರಿನಲ್ಲಿ ಇಬ್ಬರು ನೌಕರರು ಅಲ್ಲಿ ಇನ್ನೂ ಆಹಾರದ ಪೊಟ್ಟಣಗಳನ್ನು ಕಟ್ಟಿ ದ್ವೀಪಕ್ಕೆ ಕಳುಹಿಸುತ್ತಲೇ ಇದ್ದಾರೆ. ಇನ್ನು ಕೆಲಸ ಸಾಕು ಎಂದಾಗ ಅವರು, ಇಷ್ಟು ವರ್ಷ ದುಡಿದ ನಮಗೆ ಉತ್ತರ ಸಿಗಬೇಡವೇ ಎಂದು ಅಡ್ಡಗಟ್ಟುತ್ತಾರೆ. ತಲೆಗೊಂದರಂತೆ ಪ್ರಶ್ನೆಗೆ ಅವಕಾಶ ಸಿಗುತ್ತದೆ. ಒಂದು ಹಳೆಯ ತರಬೇತಿ ಚಿತ್ರ ಹಾಕಿ, ಹಿಮಕರಡಿಗಳು ಉಷ್ಣವಲಯಕ್ಕೆ ಹೇಗೆ ಬಂದವು ಎಂಬಂಥ ಸಂದೇಹಗಳನ್ನು ಪರಿಹರಿಸಲಾಗುತ್ತದೆ. ಆಮೇಲೆ ಬೆನ್ ಮಾನಸಿಕ ಚಿಕಿತ್ಸಾಲಯಕ್ಕೆ ಹೋಗಿ, ಈಗ ದೊಡ್ಡವನಾಗಿರುವ ವಾಲ್ಟ್‌ನಿಗೆ ದ್ವೀಪದಲ್ಲಿ ನಿನಗೆ ಮಾಡುವ ಕೆಲಸವಿದೆ ಎಂದು ಹೇಳಿ ಕರೆದೊಯ್ಯುತ್ತಾನೆ. ಹಿಮಕರಡಿಗೆ ಸಿಕ್ಕಷ್ಟು ವಿವರವಾದ ಉತ್ತರ ಆ ಹುಡುಗನಿಗೆ ಸಿಗಲಿಲ್ಲ. ಅವನಿಗೋಸ್ಕರ ಸತ್ತ ಇಬ್ಬರ ಮಾತಂತೂ ಬರಲೇ ಇಲ್ಲ.

ಹೊರಗಿನಿಂದ ಕೊಡುವ ಉತ್ತರಗಳ ಬಗ್ಗೆಯೂ ಇಲ್ಲಿಯೇ ಒಂದು ಮಾತು. ‘ಲಾಸ್ಟ್’ನ ಪ್ರಸಿದ್ಧ ಸಂಖ್ಯೆಗಳಾದ 4, 8, 15, 16, 23, 42ಕ್ಕೆ ಒಂದು ವಿವರಣೆ 2006ರಲ್ಲೇ ಅಂತರ್ಜಾಲದ ಆಟವೊಂದರ ಮೂಲಕ ಬಂದಿತ್ತು: ಮನುಕುಲದ ಅಳಿವನ್ನು ಲೆಕ್ಕಹಾಕುವ ಸಮೀಕರಣದ ಅಂಶಗಳು ಅವು ಎಂದು. ಟಿವಿಯ ಮುಂದೆ ಕುಳಿತು ವಾರವಾರ ನೋಡಿದವರಲ್ಲಿ ಅದನ್ನು ಆಡದವರಿಗೆ ಈ ಸುದ್ದಿಯೇ ಇರಲಿಲ್ಲ. ಕೊನೆಯ ಸೀಸನ್‌ನಲ್ಲಿ ಅವೇ ಸಂಖ್ಯೆಗಳು ಗುಹೆಯ ಗೋಡೆಯ ಮೇಲೆ, ಕಾವಲುಗಾರನ ಸ್ಥಾನಕ್ಕೆ ಆಯ್ದ ಆರು ಹೆಸರುಗಳ ಪಕ್ಕದಲ್ಲಿ ಕಾಣಿಸಿಕೊಂಡವು. ಸಂಖ್ಯೆಗಳೇ ಏಕೆ ಎಂದರೆ, ಜೇಕಬ್‌ನಿಗೆ ಸಂಖ್ಯೆಗಳೆಂದರೆ ಇಷ್ಟವಿತ್ತು ಎಂಬ ಜವಾಬು. ಕಥೆಯೊಳಗೆ ಯಾರ ಬದುಕನ್ನೂ ಮುಟ್ಟದೆ ಎಲ್ಲೋ ಹೊರಗೆ ದಾಖಲಾದ ವಿವರಣೆಯನ್ನು ಉತ್ತರವೆಂದು ನಾನು ಒಪ್ಪುವುದಿಲ್ಲ. ಸಂದರ್ಶನದಲ್ಲಿ ಹೇಳಿದ್ದೂ ಡಿವಿಡಿಯಲ್ಲಿ ಸೇರಿಸಿದ್ದೂ ಅದೇ ಸಾಲಿಗೆ ಸೇರುತ್ತವೆ.

ಇಷ್ಟೊಂದು ಬಾಕಿ ಏಕೆ ಉಳಿಯುತ್ತದೆ ಎಂಬುದಕ್ಕೆ ಬರಹಗಾರರ ಸೋಮಾರಿತನವೊಂದನ್ನೇ ಬೊಟ್ಟುಮಾಡುವುದು ಅನ್ಯಾಯ. ಅಮೆರಿಕದ ದೊಡ್ಡ ವಾಹಿನಿಗಳಲ್ಲಿ ಆಗ ವರ್ಷಕ್ಕೆ ಇಪ್ಪತ್ತಕ್ಕೂ ಹೆಚ್ಚು ಕಂತುಗಳು ಬರುತ್ತಿದ್ದವು, ಜನ ನೋಡುವವರೆಗೆ ಸರಣಿಯನ್ನು ಎಳೆಯುವುದು ವಾಡಿಕೆಯಾಗಿತ್ತು. ಕಥೆ ಎಲ್ಲಿ ಮುಗಿಯುತ್ತದೆಂದು ತಿಳಿಯದವನು ಗಂಟು ಬಿಚ್ಚಲಾರ. ಹೊಸ ಗಂಟು ಹಾಕುತ್ತಾ ಕಾಲ ತಳ್ಳಬೇಕಾಗುತ್ತದೆ. ‘ಲಾಸ್ಟ್’ನ ಮೂರನೆಯ ಸೀಸನ್‌ನಲ್ಲಿ ನಾಯಕನ ತೋಳಿನ ಹಚ್ಚೆಯ ಹಿನ್ನೆಲೆಗೇ ಒಂದು ಇಡೀ ಕಂತು ಮೀಸಲಾಯಿತು. ಆ ಕಂತು ಎಲ್ಲರಿಗೂ ಬೇಸರ ತರಿಸಿತು, ಕೊನೆಯ ದಿನಾಂಕ ಬೇಕೆಂಬ ಬರಹಗಾರರ ಒತ್ತಾಯಕ್ಕೂ ಬಲ ಬಂತು. 2007ರ ಮೇ ತಿಂಗಳಲ್ಲಿ ಎಬಿಸಿ, ಮೂರು ಸೀಸನ್‌ಗಳಲ್ಲಿ ಇನ್ನು 48 ಕಂತುಗಳಿಗೆ ಕಥೆ ಮುಗಿಯುತ್ತದೆ ಎಂದು ಘೋಷಿಸಿತು. ‘ದಿ ಕಾನ್‌ಸ್ಟಂಟ್’ ಬಂದದ್ದು ಆ ಘೋಷಣೆಯ ನಂತರ. ದಿನವೂ ಪ್ರಸಾರವಾಗುತ್ತಾ ಟಿಆರ್‌ಪಿ ಇರುವವರೆಗೆ ಹಿಗ್ಗುವ ನಮ್ಮ ಕನ್ನಡ ಧಾರಾವಾಹಿಗಳನ್ನು ನೋಡುವವರಿಗೆ ಈ ಕಾಯಿಲೆ ಅಪರಿಚಿತವಲ್ಲ. ಇದಕ್ಕೆ ತದ್ವಿರುದ್ಧವಾಗಿ ಜರ್ಮನಿಯ ‘ಡಾರ್ಕ್’ 2017ರಿಂದ 2020ರವರೆಗೆ ಮೂರೇ ಸೀಸನ್, 26 ಕಂತುಗಳಲ್ಲಿ ತಲೆಮಾರುಗಳ ಉದ್ದಕ್ಕೂ ಹೆಣೆದುಕೊಂಡ ಒಂದು ಸಿಕ್ಕನ್ನು ಹಾಕಿ, ಬಹುಮಟ್ಟಿಗೆ ಬಿಡಿಸಿಯೂ ತೋರಿಸಿತು.

ಉತ್ತರ ಹೇಳಿದರೆ ಸರಣಿ ಸಾಯುತ್ತದೆ ಎನ್ನುವವರು ತಪ್ಪದೆ ಎತ್ತುವ ಹೆಸರು ‘ಟ್ವಿನ್ ಪೀಕ್ಸ್’. 1990ರ ಏಪ್ರಿಲ್ 8ರಂದು ಶುರುವಾದ ಈ ಸರಣಿಯ ತಯಾರಕರಾದ ಡೇವಿಡ್ ಲಿಂಚ್ ಮತ್ತು ಮಾರ್ಕ್ ಫ್ರಾಸ್ಟ್ ಇಬ್ಬರಲ್ಲಿ ಲಿಂಚ್‌ಗೆ, ಲಾರಾ ಪಾಮರ್‌ಳನ್ನು ಕೊಂದವರು ಯಾರೆಂದು ಹೇಳುವ ಮನಸ್ಸೇ ಇರಲಿಲ್ಲ. ವಾಹಿನಿಯ ಒತ್ತಡಕ್ಕೆ ಮಣಿದು ಆ ವರ್ಷದ ನವೆಂಬರ್ 10ರ ಕಂತಿನಲ್ಲಿ ಗುಟ್ಟು ಹೊರಬಿತ್ತು, ಮರುವರ್ಷ ಸರಣಿ ನಿಂತೇಹೋಯಿತು. ಚಿನ್ನದ ಮೊಟ್ಟೆಯಿಡುವ ಕೋಳಿಯನ್ನು ಕೊಂದಂತಾಯಿತೆಂದು ಲಿಂಚ್ ಕೊನೆಯವರೆಗೂ ಕೊರಗಿದರು. ಅವರ ಕಲೆಯ ಬಗ್ಗೆ ಅಪಾರ ಗೌರವವಿಟ್ಟುಕೊಂಡೇ ನಾನು ಇಲ್ಲಿ ಅವರನ್ನು ಒಪ್ಪಲಾರೆ. ಆ ಕಂತನ್ನು ಇನ್ನೊಮ್ಮೆ ನೋಡಬೇಕು. ಲಾರಾಳ ತಂದೆ ಕನ್ನಡಿಯ ಮುಂದೆ ನಿಲ್ಲುತ್ತಾನೆ, ಕನ್ನಡಿಯಲ್ಲಿ ಕಾಣುವುದು ಬೇರೆಯ ಮುಖ, ಅವನನ್ನು ಹೊಕ್ಕ ಕೆಡುಕಿನದು. ಅದೇ ಮನೆಯ ನಡುಕೋಣೆಯಲ್ಲಿ ಅವನು ಲಾರಾಳನ್ನೇ ಹೋಲುವ ಅವಳ ಸೋದರಸಂಬಂಧಿಯನ್ನು ಕೊಲ್ಲುತ್ತಾನೆ. ಅದೇ ಹೊತ್ತಿನಲ್ಲಿ ಊರಿನ ಮದ್ಯದಂಗಡಿಯಲ್ಲಿ ಹಾಡು ಕೇಳುತ್ತಾ ಕುಳಿತವರಿಗೆ ಇದೊಂದೂ ಗೊತ್ತಿಲ್ಲ. ಆದರೂ ಲಾರಾಳ ಗೆಳತಿ ಇದ್ದಕ್ಕಿದ್ದಂತೆ ಅಳತೊಡಗುತ್ತಾಳೆ. ಮುದುಕನಾದ ಹೋಟೆಲ್ ಮಾಣಿ ಪತ್ತೇದಾರ ಕೂಪರ್‌ನ ಬಳಿಗೆ ಬಂದು, ತನಗೆ ಬಹಳ ವ್ಯಥೆಯಾಗುತ್ತಿದೆ ಎನ್ನುತ್ತಾನೆ. ಒಬ್ಬ ಹುಡುಗಿಯ ಸಾವು ತನ್ನ ತಂದೆಯ ಕೈಯಿಂದಲೇ ನಡೆಯಿತು, ಇಡೀ ಊರು ಅದನ್ನು ಒಂದಲ್ಲ ಒಂದು ರೀತಿಯಲ್ಲಿ ಬಲ್ಲದ್ದೂ ಆಗಿತ್ತು ಎಂಬುದು ಗೊತ್ತಾದ ಮೇಲೆಯೇ ಲಾರಾ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟ ಚೆಲುವಾದ ಹೆಣವಾಗಿ ಉಳಿಯದೆ ಮನುಷ್ಯಳಾದಳು. ಆಮೇಲೆ ಲಿಂಚ್ ಅವಳ ಕೊನೆಯ ದಿನಗಳ ಮೇಲೆ ತೆಗೆದ ಚಲನಚಿತ್ರವೂ, 2017ರ 18 ಕಂತುಗಳ ಮರುಸರಣಿಯೂ ಈ ಉತ್ತರದ ಮೇಲೆಯೇ ನಿಂತಿವೆ. ಸರಣಿ ಸೊರಗಿದ್ದಕ್ಕೆ ಕಾರಣ, ಉತ್ತರ ಕೊಟ್ಟ ಮೇಲೆ ಅದರ ಭಾರ ಹೊರುವ ಕಥೆ ತಯಾರಕರ ಕೈಯಲ್ಲಿ ಇಲ್ಲದೆ ಹೋದದ್ದು.

ಅದೇ ಸರಣಿ ಬೇರೊಂದು ಬಗೆಯ ಗುಟ್ಟನ್ನು ಹೇಗೆ ನಡೆಸಿಕೊಂಡಿತು ಎಂಬುದೂ ಗಮನಿಸಬೇಕಾದ ಸಂಗತಿ. ತಂದೆಯನ್ನು ಹೊಕ್ಕ ಆ ಕೆಡುಕು ಎಲ್ಲಿಂದ ಬಂತು? 2017ರ ಎಂಟನೆಯ ಕಂತು ನಮ್ಮನ್ನು 1945ರ ಜುಲೈ 16ಕ್ಕೆ, ನ್ಯೂ ಮೆಕ್ಸಿಕೋದ ಮರುಭೂಮಿಯಲ್ಲಿ ನಡೆದ ಮೊದಲ ಅಣುಬಾಂಬ್ ಪರೀಕ್ಷೆಗೆ ಕರೆದೊಯ್ದು, ಕ್ಯಾಮೆರಾವನ್ನು ನಿಧಾನವಾಗಿ ಆ ಹೊಗೆಯ ಒಳಕ್ಕೇ ನುಗ್ಗಿಸುತ್ತದೆ. ವಿವರಣೆಯ ಒಂದು ಮಾತೂ ಇಲ್ಲ. ಏನೋ ಬಿರುಕುಬಿಟ್ಟಿತು, ಏನೋ ಒಳಗೆ ಬಂತು ಎಂದು ಗೊತ್ತಾಗುತ್ತದೆ, ಅಷ್ಟೇ. ಯಾರು ಮಾಡಿದರು ಎಂಬುದಕ್ಕೆ ನೇರ ಉತ್ತರ, ಜಗತ್ತಿನಲ್ಲಿ ಕೆಡುಕು ಏಕಿದೆ ಎಂಬುದಕ್ಕೆ ಬರಿಯ ದರ್ಶನ: ಯಾವುದನ್ನು ಹೇಳಬೇಕು, ಯಾವುದನ್ನು ಬಿಡಬೇಕು ಎಂಬ ವಿವೇಕಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಟಿವಿಯಲ್ಲಿ ಕಂಡಿಲ್ಲ.

‘ಚಂದಮಾಮ’ ಓದಿ ಬೆಳೆದ ಕನ್ನಡಿಗರಿಗೆ ಈ ವ್ಯತ್ಯಾಸ ಹೊಸದೇನಲ್ಲ. ಬೇತಾಳ ಪ್ರತಿ ಕಥೆಯ ಕೊನೆಗೂ ರಾಜನಿಗೆ ಒಡ್ಡುವ ಷರತ್ತು, ಉತ್ತರ ತಿಳಿದೂ ಹೇಳದಿದ್ದರೆ ನಿನ್ನ ತಲೆ ಹೋಳಾಗುತ್ತದೆ ಎಂಬುದು. ಮೂಲ ಕಥಾಮಾಲೆಯ ಕೊನೆಗೆ ಬರುವುದು, ಒಬ್ಬ ತಂದೆ ಬೇರೊಬ್ಬಳ ಮಗಳನ್ನೂ ಅವನ ಮಗ ಆ ಹುಡುಗಿಯ ತಾಯಿಯನ್ನೂ ಮದುವೆಯಾದರೆ ಆ ಎರಡು ದಂಪತಿಗಳ ಮಕ್ಕಳು ಪರಸ್ಪರ ಏನಾಗಬೇಕು ಎಂಬ ಪ್ರಶ್ನೆ. ಅದಕ್ಕೆ ರಾಜ ಮೌನವಾಗಿರುತ್ತಾನೆ, ತಲೆ ಹೋಳಾಗುವುದಿಲ್ಲ. ಏಕೆಂದರೆ ಅವನು ಯಾವುದನ್ನೂ ಬಚ್ಚಿಟ್ಟುಕೊಂಡಿಲ್ಲ. ತಿಳಿದದ್ದನ್ನು ಮುಂದಿನ ವಾರದ ನೋಡುಗರಿಗೋಸ್ಕರ ತಡೆಹಿಡಿಯುವವನ ಮೌನಕ್ಕೂ ಉತ್ತರವೇ ಇಲ್ಲದ್ದರ ಮುಂದೆ ನಿಂತವನ ಮೌನಕ್ಕೂ ಇರುವ ಅಂತರ ಇದು.

ಅಮೆರಿಕದ ‘ದಿ ಕಿಲ್ಲಿಂಗ್’ ಮೊದಲ ಬಗೆಯ ಮೌನ ವಹಿಸಿ ಪೆಟ್ಟು ತಿಂದಿತು. ರೋಸಿ ಲಾರ್ಸನ್‌ಳನ್ನು ಕೊಂದವರು ಯಾರು ಎಂಬ ಪ್ರಶ್ನೆಯನ್ನೇ ಜಾಹೀರಾತು ಮಾಡಿಕೊಂಡು 2011ರಲ್ಲಿ ಬಂದ ಸರಣಿ, ಮೊದಲ ಸೀಸನ್‌ನ 13 ಕಂತುಗಳು ಮುಗಿದರೂ ಅದನ್ನು ಹೇಳದೆ ಮರುವರ್ಷಕ್ಕೆ ದಾಟಿಸಿತು. ನೋಡುಗರು ಕೆರಳಿದರು, ಅವರ ಸಿಟ್ಟು ನ್ಯಾಯವಾದದ್ದೇ. ಅದರ ಮೂಲವಾದ ಡೆನ್ಮಾರ್ಕಿನ ಸರಣಿ ತನ್ನ ಕೊಲೆಯನ್ನು ಮೊದಲ 20 ಕಂತುಗಳಲ್ಲೇ ಬಗೆಹರಿಸಿತ್ತು.

ಎರಡನೆಯ ಬಗೆಯ ಮೌನಕ್ಕೆ ‘ದಿ ಲೆಫ್ಟ್‌ಓವರ್ಸ್’ ಸಾಕ್ಷಿ. ‘ಲಾಸ್ಟ್’ನ ಬರಹಗಾರರಲ್ಲಿ ಒಬ್ಬರಾದ ಡೇಮನ್ ಲಿಂಡೆಲಾಫ್, ಕಾದಂಬರಿಕಾರ ಟಾಮ್ ಪೆರೊಟ್ಟಾ ಅವರ ಜೊತೆಗೂಡಿ ಎಚ್‌ಬಿಒಗೆ ಕಟ್ಟಿದ ಈ ಸರಣಿ 2014ರಿಂದ 2017ರವರೆಗೆ ನಡೆಯಿತು. ಒಂದು ಅಕ್ಟೋಬರ್ 14ರಂದು ಜಗತ್ತಿನ ಜನರಲ್ಲಿ ನೂರಕ್ಕೆ ಇಬ್ಬರು, ಸುಮಾರು 14 ಕೋಟಿ ಮಂದಿ, ನಿಂತಲ್ಲೇ ಮಾಯವಾಗುತ್ತಾರೆ. ಏಕೆ ಎಂಬುದನ್ನು ಹೇಳುವುದಿಲ್ಲವೆಂದು ತಯಾರಕರು ಮೊದಲೇ ತಿಳಿಸಿದ್ದರು. ಉಳಿದವರು ಆ ತಿಳಿಯದಿರುವಿಕೆಯನ್ನು ಹೊತ್ತು ಹೇಗೆ ಬಾಳುತ್ತಾರೆ ಎಂಬುದೇ ಕಥೆಯಾದ್ದರಿಂದ, ಕಾರಣ ಹೇಳಿದ್ದಿದ್ದರೆ ಕಥೆಯೇ ಇರುತ್ತಿರಲಿಲ್ಲ. ಗಂಡನನ್ನೂ ಇಬ್ಬರು ಮಕ್ಕಳನ್ನೂ ಒಮ್ಮೆಗೇ ಕಳೆದುಕೊಂಡ ನೋರಾ, ಕೊನೆಯ ಕಂತಿನಲ್ಲಿ ಮೇಜಿನ ಮುಂದೆ ಕುಳಿತು ತನ್ನ ಹಿಂದಿನ ಸಂಗಾತಿ ಕೆವಿನ್‌ಗೆ ತನ್ನ ಕಥೆ ಹೇಳುತ್ತಾಳೆ: ತಾನು ಒಂದು ಯಂತ್ರದ ಮೂಲಕ ಆಚೆಗೆ ಹೋಗಿದ್ದೆ, ಅಲ್ಲಿಯವರ ಪಾಲಿಗೆ ಮಾಯವಾದವರು ನಾವು, ನೂರಕ್ಕೆ ತೊಂಬತ್ತೆಂಟು ಮಂದಿ, ತನ್ನ ಮಕ್ಕಳು ಅಲ್ಲಿ ಸುಖವಾಗಿದ್ದರು, ತಾನು ಅಲ್ಲಿ ಸಲ್ಲದವಳೆಂದು ಕಂಡು ಮರಳಿ ಬಂದೆ ಎಂದು. ಆ ಜಗತ್ತಿನ ಒಂದು ಚಿತ್ರವನ್ನೂ ನಮಗೆ ತೋರಿಸುವುದಿಲ್ಲ. ಕ್ಯಾಮೆರಾ ಬಹುಮಟ್ಟಿಗೆ ನಟಿ ಕ್ಯಾರಿ ಕೂನ್ ಅವರ ಮುಖದ ಮೇಲೆಯೇ ನಿಲ್ಲುತ್ತದೆ. ಕೆವಿನ್, ನಂಬುತ್ತೇನೆ ಎನ್ನುತ್ತಾನೆ. ಅವಳು ಹೇಳಿದ್ದು ನಡೆದದ್ದೋ ಕಟ್ಟಿಕೊಂಡದ್ದೋ ಎಂಬುದು ತೆರೆದೇ ಉಳಿಯುತ್ತದೆ. ನೋರಾ ತನ್ನ ಮಕ್ಕಳನ್ನು ಬಿಟ್ಟುಕೊಡಲು ಸಾಧ್ಯವಾಯಿತೇ ಎಂಬ ಪ್ರಶ್ನೆ ಮಾತ್ರ ಅಲ್ಲಿಗೆ ಮುಗಿಯುತ್ತದೆ, ಸರಣಿ ಅವಳಿಗೆ ಕೊಡಬೇಕಾಗಿದ್ದ ಉತ್ತರವೂ ಅದೇ ಆಗಿತ್ತು. ‘ಲಾಸ್ಟ್’ ಪಟ್ಟ ಪಾಡಿನಿಂದಲೇ ಲಿಂಡೆಲಾಫ್ ಈ ದಾರಿಗೆ ಬಂದಿರಬೇಕೆಂದು ನನಗೆ ಅನಿಸುತ್ತದೆ.

ಬರಹಗಾರರ ಕೈಮೀರಿ ಉಳಿಯುವ ಪ್ರಶ್ನೆಗಳ ಗುಂಪು ಇನ್ನೊಂದಿದೆ. ‘ಡಾರ್ಕ್’ ತಂಡದ್ದೇ ಮುಂದಿನ ಸರಣಿ ‘1899’ 2022ರ ನವೆಂಬರ್‌ನಲ್ಲಿ ಬಂದು, ಮುಂದಿನ ಜನವರಿಗೇ ರದ್ದಾಯಿತು. ‘ದಿ ಓಎ’ ಎರಡು ಸೀಸನ್‌ಗಳಿಗೆ, ಕಥೆ ದೊಡ್ಡ ತಿರುವಿನಲ್ಲಿದ್ದಾಗ, 2019ರಲ್ಲಿ ನಿಂತಿತು. ಇವು ಮುಗಿಯದ ಕಥೆಗಳು. ಇವುಗಳ ಮೌನಕ್ಕೆ ಕಲೆಯ ಸಮರ್ಥನೆ ಹುಡುಕುವುದು ವ್ಯರ್ಥ. ನಿಗೂಢ ಸರಣಿಯನ್ನು ಕೈಗೆತ್ತಿಕೊಳ್ಳುವ ಸಂಸ್ಥೆಗಳು, ರದ್ದುಮಾಡುವುದೇ ಆದರೆ ಒಂದು ಮುಕ್ತಾಯದ ಕಂತಿಗಾದರೂ ಹಣ ತೆಗೆದಿಡುವುದನ್ನು ಒಪ್ಪಂದದಲ್ಲೇ ಸೇರಿಸಬೇಕು.

ಇಷ್ಟನ್ನು ಮುಂದಿಟ್ಟುಕೊಂಡು ‘ಸೆವರೆನ್ಸ್’ಗೆ ಬರೋಣ. ಮಿದುಳಿಗೆ ಚಿಪ್ ಹಾಕಿಸಿಕೊಂಡು, ಕಚೇರಿಯೊಳಗಿನ ನೆನಪು ಹೊರಗಿರದಂತೆ, ಹೊರಗಿನದು ಒಳಗಿರದಂತೆ ಇಬ್ಭಾಗವಾದ ನೌಕರರ ಕಥೆ ಇದು. ಮಾರ್ಕ್ ಮತ್ತು ಅವನ ಜೊತೆಗಾರರು ದಿನವಿಡೀ ಪರದೆಯ ಮೇಲಿನ ಅಂಕಿಗಳನ್ನು ನೋಡಿ, ಭಯವೋ ದುಃಖವೋ ಹುಟ್ಟಿಸುವ ಗುಂಪುಗಳನ್ನು ಆರಿಸಿ ಡಬ್ಬಿಗೆ ಹಾಕುತ್ತಾರೆ. ಈ ಕೆಲಸ ಏನು ಎಂಬುದೇ ಮೊದಲ ಸೀಸನ್‌ನ ದೊಡ್ಡ ಒಗಟು. ಸತ್ತಳೆಂದು ಮಾರ್ಕ್ ನಂಬಿದ್ದ ಹೆಂಡತಿ ಗೆಮ್ಮಾ ಅದೇ ಕಟ್ಟಡದ ಕೆಳಗೆ ಸೆರೆಯಲ್ಲಿದ್ದಾಳೆ, ಅವನು ಮುಗಿಸಿದ ಒಂದೊಂದು ಕಡತದಿಂದಲೂ ಅವಳೊಳಗೆ ನೋವುಣ್ಣಲೆಂದೇ ಒಂದೊಂದು ಹೊಸ ಪ್ರಜ್ಞೆಯನ್ನು ಹುಟ್ಟಿಸಲಾಗಿದೆ ಎಂದು ಎರಡನೆಯ ಸೀಸನ್‌ನ ಕೊನೆಗೆ ತಿಳಿಯುತ್ತದೆ. ಒಳ್ಳೆಯ ಉತ್ತರವೆಂದರೆ ಇದು. ಅಂಕಿಗಳು ತಂತಿಯೊಳಗೆ ಹೇಗೆ ಪ್ರಜ್ಞೆಯಾಗುತ್ತವೆ ಎಂಬುದು ಅದರಲ್ಲಿಲ್ಲ, ಯಾರಿಗೂ ಬೇಕಾಗಿಯೂ ಇಲ್ಲ. ಆದರೆ ತಮಾಷೆಯಾಗಿ ಕಂಡಿದ್ದ ಹಿಂದಿನ ಎಲ್ಲ ಕಂತುಗಳ ಕಚೇರಿ ಕೆಲಸ ಒಮ್ಮೆಲೇ ಅಪರಾಧವಾಗಿ ಕಾಣತೊಡಗುತ್ತದೆ. ನೋಡುಗರು ಮೂರು ವರ್ಷ ತಲೆಕೆಡಿಸಿಕೊಂಡಿದ್ದ, ಕಚೇರಿಯೊಳಗೆ ಸಾಕಲಾಗುತ್ತಿದ್ದ ಆಡುಗಳ ವಿಷಯದಲ್ಲೂ ಹಾಗೆಯೇ: ಅವು ಬಲಿಗೆಂದು ಸಾಕಿದವು ಎಂದು ತಿಳಿದಾಗ ಉಳಿಯುವುದು, ತನ್ನ ಕೈಯಾರೆ ಬೆಳೆಸಿದ ಪ್ರಾಣಿಗಳನ್ನು ಮತ್ತೆ ಮತ್ತೆ ಒಪ್ಪಿಸಬೇಕಾಗಿ ಬಂದ ಒಬ್ಬ ಹೆಂಗಸಿನ ಸಂಕಟ.

ಮೂರನೆಯ ಸೀಸನ್ ಬರುವುದೆಂದು ಆಪಲ್ ಪ್ರಕಟಿಸಿದೆ. ಮಾರ್ಕ್ ದುಡಿಯುವ ಸಂಸ್ಥೆಯ ಸ್ಥಾಪಕನನ್ನು ದೇವರೆಂದು ಪೂಜಿಸುವ ಮತ ಹೇಗೆ ಹುಟ್ಟಿತು, ಚಿಪ್ ನೆನಪನ್ನು ಹೇಗೆ ಸೀಳುತ್ತದೆ ಎಂಬುದನ್ನು ಅದು ಹೇಳದಿದ್ದರೆ ನನ್ನ ತಕರಾರಿಲ್ಲ. ಗೆಮ್ಮಾಳನ್ನೇ ಇದಕ್ಕೆ ಏಕೆ ಆರಿಸಿದರು, ಅವಳನ್ನು ಅಲ್ಲಿಗೆ ತಂದವರು ಯಾರು ಎಂಬುದನ್ನು ಹೇಳಲೇಬೇಕು. ಹೊರಬಾಗಿಲ ತನಕ ಅವಳನ್ನು ಕರೆತಂದು, ತಾನು ಮಾತ್ರ ಒಳಗೇ ಉಳಿದುಬಿಟ್ಟ ಮಾರ್ಕ್, ಎಂದರೆ ಕಚೇರಿಯಲ್ಲಷ್ಟೇ ಬದುಕುವ ಅವನ ಒಳಗಿನ ಅರ್ಧ, ಕಚೇರಿ ಮುಚ್ಚಿದ ದಿನ ಬದುಕಿರುತ್ತಾನೆಯೇ ಎಂಬುದನ್ನೂ ಹೇಳಬೇಕು, ಅದೂ ಸರಣಿಯ ಒಳಗೇ.